ಎಂಟು ಸಾವಿರದ ಫೋನು, ದಂಡಿನ ಬೆಳಕು

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಬೆಳಕು ಫೋನ್ ಕ್ಯಾಮೆರಾಗಳ ಪಾಲಿಗೆ ದೊಡ್ಡ ಪರೀಕ್ಷೆ. 1927ರಲ್ಲಿ ಕಟ್ಟಿದ ಆ ಕಟ್ಟಡದ ಕಮಾನುಗಳ ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕಾಲಿಟ್ಟರೆ ಮಬ್ಬು. ಅಂಗಡಿಗೊಂದು ಬಗೆಯ ದೀಪ. ಒಬ್ಬರದು ಹಳದಿ ಬಲ್ಬು, ಪಕ್ಕದವರದು ಬಿಳಿ ಎಲ್‌ಇಡಿ, ಅದರಾಚೆಯವರದು ಮಿಣುಕುವ ಹಳೇ ಟ್ಯೂಬ್‌ಲೈಟು. ಹೊರಗೆ ಕೂತ ಹೂವಿನವರ ತಲೆ ಮೇಲೆ ನೀಲಿ ಟಾರ್ಪಾಲು. ಅದರ ಕೆಳಗೆ ಮಲ್ಲಿಗೆ ಮೊಗ್ಗಿಗೂ ನೀಲಿ, ಗುಲಾಬಿಗೂ ನೀಲಿ, ಮಾರುವವರ ಮುಖಕ್ಕೂ ನೀಲಿ. ನಮ್ಮ ಕಣ್ಣು ಇದನ್ನೆಲ್ಲ ತಾನಾಗೇ ಸರಿ ಮಾಡಿಕೊಂಡು ನೋಡುತ್ತೆ, ಹಾಗಾಗಿ ನಮಗೆ ಗೊತ್ತೇ ಆಗಲ್ಲ. ಫೋನಿಗೆ ಅಷ್ಟು ಜಾಣ್ಮೆ ಇಲ್ಲ. ಎಂಟು ಸಾವಿರದ ಫೋನಿಗಂತೂ ಇಲ್ಲವೇ ಇಲ್ಲ.

ಫೋಟೊ ಚೆನ್ನಾಗಿ ಬರದಿದ್ದರೆ ಏನಾಯ್ತು, ನೆನಪಿಗೊಂದು ಇದ್ದರೆ ಸಾಕಲ್ಲವೇ ಅಂತ ನೀವು ಕೇಳಬಹುದು. ನನ್ನಂಥವರಿಗೆ ಅಷ್ಟೇ. ಆದರೆ ನನ್ನ ತಂಗಿಯ ನಿಶ್ಚಿತಾರ್ಥಕ್ಕೆ ಹಾರ ಕಟ್ಟಿಕೊಟ್ಟ ಹೂವಿನ ಅಕ್ಕನಿಗೆ ಫೋಟೊ ಅಂದರೆ ವ್ಯಾಪಾರ. ಈಗ ಅವರ ಅರ್ಧದಷ್ಟು ಆರ್ಡರು ಬರೋದೇ ವಾಟ್ಸ್‌ಆ್ಯಪಿನಲ್ಲಿ. ಹೆಣ್ಣಿನ ಕಡೆಯವರು ಸೀರೆಯ ಫೋಟೊ ಕಳಿಸ್ತಾರೆ, "ಇದಕ್ಕೆ ಹೊಂದೋ ಹಾರ ಬೇಕು" ಅಂತಾರೆ. ಅಕ್ಕ ಒಂದು ಮಾದರಿ ಕಟ್ಟಿ, ಫೋಟೊ ತೆಗೆದು ಕಳಿಸ್ತಾರೆ. ಕಳೆದ ಬೇಸಿಗೆಯಲ್ಲಿ ಒಂದು ಮನೆಯವರು ಮದುವೆ ದಿನ ಹಾರ ನೋಡಿ, "ಫೋಟೊದಲ್ಲಿ ಕಡುಗೆಂಪು ಇತ್ತು, ಇದು ಬೇರೆ ಕೆಂಪು" ಅಂತ ತಗಾದೆ ತೆಗೆದು ಐನೂರು ರೂಪಾಯಿ ಮುರಿದುಕೊಂಡರಂತೆ. "ಹೂವು ಒಂದೇ ಸಾರ್. ಫೋನು ಸುಳ್ಳು ಹೇಳ್ತು" ಅಂದರು ಅಕ್ಕ. ಸಾಫ್ಟ್‌ವೇರ್‌ನವನು ಅಂತ ಗೊತ್ತಾದ ಮೇಲೆ ಫೋನನ್ನೇ ನನ್ನ ಕೈಗೆ ಕೊಟ್ಟು, "ಏನಾದ್ರೂ ಮಾಡಿ" ಅಂದರು.

ಅದೇ ಸಮಯಕ್ಕೆ ಕುಣಿಗಲ್‌ನಿಂದ ಅಮ್ಮನೂ ಬಂದಿದ್ದಳು, ಹಲಸೂರಿನ ಹೂವಿನ ಪಲ್ಲಕ್ಕಿ ನೋಡಬೇಕು ಅಂತ. ಅವಳ ಕೈಯಲ್ಲೂ ಅಂಥದ್ದೇ ಫೋನು: ಮೂರು ಜಿಬಿ ರ‍್ಯಾಮು, ಮೂವತ್ತೆರಡು ಜಿಬಿ ಜಾಗ, ಅದರಲ್ಲಿ ಮುಕ್ಕಾಲು ಪಾಲು ಶುಭೋದಯದ ಚಿತ್ರಗಳು. ಹೀಗೆ ಶನಿವಾರ ಬೆಳಿಗ್ಗೆ ನಾವಿಬ್ಬರೂ ಕೆ.ಆರ್. ಪುರದಲ್ಲಿ ಮೆಟ್ರೊ ಹತ್ತಿದೆವು. ಬೆಂಗಳೂರಿನ ಪೂರ್ವ ಭಾಗವನ್ನು ಅಗ್ಗದ ಫೋನಿನ ಕಣ್ಣಲ್ಲಿ ನೋಡೋಣ ಅಂತ. ಶಿವಾಜಿನಗರಕ್ಕೆ ಮೆಟ್ರೊ ಇನ್ನೂ ಓಡದಿದ್ದ ಕಾಲ, ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿದೆವು.

ಮೊದಲು ಮಾಡಿದ ಕೆಲಸಕ್ಕೆ ಯಾವ ಆ್ಯಪೂ ಬೇಡ. ಅಮ್ಮನ ಸೆರಗಿನ ತುದಿಯಿಂದ ಲೆನ್ಸ್ ಒರೆಸಿದ್ದು. ನಗಬೇಡಿ. ಅಡುಗೆಮನೆಯಲ್ಲಿ ಓಡಾಡುವ ಫೋನಿನ ಲೆನ್ಸಿನ ಮೇಲೆ ಎಣ್ಣೆಯ ಪೊರೆ ಕೂತಿರುತ್ತೆ. ದೀಪಗಳ ಸುತ್ತ ಬರುವ ಮಂಜಿನ ಬಳೆಗೆ ಬಹಳಷ್ಟು ಸಲ ಕಾರಣ ಅದೇ. "ಕ್ಯಾಮೆರಾ ಹಾಳಾಗಿದೆ" ಅಂತ ನಮ್ಮ ಕಡೆ ಬರುವ ದೂರುಗಳಲ್ಲಿ ಎಷ್ಟೋ ಇಲ್ಲೇ ತೀರಿಹೋಗುತ್ತವೆ.

ಎರಡನೆಯದು, ಫೋನಿನ ಜೊತೆ ಬಂದ ಕ್ಯಾಮೆರಾದ 'ಬ್ಯೂಟಿ' ಗುಂಡಿ. ಅದನ್ನು ಆರಿಸಿದ್ದಕ್ಕೆ ಅಮ್ಮನಿಗೆ ಸ್ವಲ್ಪ ಬೇಜಾರಾಯಿತು. "ಇರ್ಲಿ ಬಿಡೋ, ಸ್ವಲ್ಪ ಬೆಳ್ಳಗೆ ಕಾಣ್ತೀನಿ" ಅಂದಳು. ಆದರೆ ಮುಖ ನುಣುಪು ಮಾಡುವ ಅದೇ ಲೆಕ್ಕ ಸುತ್ತಮುತ್ತಲನ್ನೂ ಬಿಡಲ್ಲ. ಅಗ್ಗದ ಫೋನಿನ ಸೆನ್ಸರ್ ಚಿಕ್ಕದು, ಅದರ ಮೇಲೆ ಬೀಳುವ ಬೆಳಕೂ ಕಡಿಮೆ. ಬೆಳಕು ಕಮ್ಮಿಯಾದಷ್ಟೂ ಚಿತ್ರದಲ್ಲಿ ಮರಳು ಉದುರಿಸಿದಂತೆ ಚುಕ್ಕೆ. ಅದನ್ನು ಮುಚ್ಚಲು ಕಂಪನಿಯ ಕ್ಯಾಮೆರಾ ಎಲ್ಲವನ್ನೂ ಸವರಿ, ಆಮೇಲೆ ಅಂಚುಗಳನ್ನು ಹರಿತ ಮಾಡುತ್ತೆ. ಸೇವಂತಿಗೆಯ ಎಸಳು ಅರಿಶಿನದ ಮುದ್ದೆಯಾಗೋದು ಹೀಗೆ. ಫೋನಿನ ಬೆನ್ನಿನ ಮೇಲೆ ಬರೆದಿರುವ '50 ಮೆಗಾಪಿಕ್ಸೆಲ್' ಇದಕ್ಕೆ ಔಷಧಿಯಲ್ಲ. ಸಾಮಾನ್ಯವಾಗಿ ನಾಲ್ಕು ಚುಕ್ಕೆಗಳನ್ನು ಸೇರಿಸಿ ಒಂದು ಮಾಡಿ ಹನ್ನೆರಡೂವರೆ ಮೆಗಾಪಿಕ್ಸೆಲ್ ಚಿತ್ರವನ್ನೇ ಅದು ಕೊಡೋದು. ಅದೇ ಒಳ್ಳೆಯದು ಕೂಡ. ಪಕ್ಕದಲ್ಲಿರುವ ಎರಡು ಮೆಗಾಪಿಕ್ಸೆಲ್‌ನ ಇನ್ನೊಂದೆರಡು ಕಣ್ಣುಗಳಿವೆಯಲ್ಲ, ನನ್ನ ಮಟ್ಟಿಗೆ ಅವು ಬೊಟ್ಟು ಇಟ್ಟ ಹಾಗೆ, ಅಲಂಕಾರಕ್ಕೆ.

ಇನ್ನು ಆ್ಯಪಿನ ವಿಷಯ. ನಾನು ಎರಡೂ ಫೋನಿಗೆ ಹಾಕಿದ್ದು ಓಪನ್ ಕ್ಯಾಮೆರಾ. ಮಾರ್ಕ್ ಹರ್ಮನ್ ಎಂಬುವರು ಬರೆದದ್ದು, 2013ರಿಂದ ಇದೆ. ಉಚಿತ, ಜಾಹೀರಾತಿಲ್ಲ, ಮೂಲ ಸಂಕೇತ ಯಾರು ಬೇಕಾದರೂ ತೆರೆದು ಓದಬಹುದು, ಕೆಲವೇ ಎಂಬಿ ತೂಕ. ಅಮ್ಮನ ಫೋನಿನಲ್ಲಿದ್ದ ಯಾವ ಶುಭೋದಯದ ವಿಡಿಯೊಗಿಂತಲೂ ಹಗುರ. ನೋಡೋಕೆ ಅಂದವೇನಿಲ್ಲ, ಸೆಟ್ಟಿಂಗ್ಸ್ ತೆರೆದರೆ ಸಂತೆ. ಹೆದರಬೇಡಿ, ಬೇಕಾಗೋದು ನಾಲ್ಕೇ.

ಹೂವಿನ ಅಕ್ಕನ ತೊಂದರೆಯಲ್ಲಿ ಎರಡು ಗಂಟುಗಳಿದ್ದವು. ಒಂದು, ಟಾರ್ಪಾಲಿನ ನೀಲಿ. ಆ್ಯಪಿನಲ್ಲಿ 'ವೈಟ್ ಬ್ಯಾಲೆನ್ಸ್' ಅಂತ ಇದೆ. ಯಾವ ಬೆಳಕಿನಲ್ಲಿ ನಿಂತಿದ್ದೇವೆ ಅಂತ ಕ್ಯಾಮೆರಾಗೆ ನಾವೇ ಹೇಳುವ ಜಾಗ ಅದು. ತಾನಾಗೇ ಊಹಿಸುವ 'ಆಟೊ' ಬಿಟ್ಟು, ನೆರಳು ಅಥವಾ ಮೋಡದ ಗುರುತು ಆರಿಸಿದರೆ ಚಿತ್ರಕ್ಕೆ ಹಳದಿ ಸೇರಿ ನೀಲಿ ಇಳಿಯುತ್ತೆ. ಎರಡನೆಯ ಗಂಟು ಇನ್ನೂ ಸ್ವಾರಸ್ಯದ್ದು. ಕೆಂಪು ಗುಲಾಬಿಯಿಂದ ಬರುವ ಬೆಳಕಿನಲ್ಲಿ ಬಹುಪಾಲು ಕೆಂಪೇ. ಒಟ್ಟು ಚಿತ್ರದ ಬೆಳಕು ಸರಿಯಿದೆ ಅಂತ ಕ್ಯಾಮೆರಾ ಲೆಕ್ಕ ಹಾಕುವಷ್ಟರಲ್ಲಿ ಕೆಂಪಿನ ಕೊಡ ತುಂಬಿ ತುಳುಕಿರುತ್ತೆ. ತುಂಬಿದ ಕೊಡಕ್ಕೆ ಇನ್ನೆಷ್ಟು ಸುರಿದರೂ ಲೆಕ್ಕ ಒಂದೇ ಅಲ್ಲವೇ? ಹಾಗೆ ಎಸಳಿನ ಮೇಲಿನ ನೆರಳು, ಗೆರೆ, ಕಪ್ಪು ಅಂಚು ಎಲ್ಲ ಅಳಿಸಿ ಒಂದೇ ಬಣ್ಣದ ಉಂಡೆ ಉಳಿಯುತ್ತೆ. ಇದಕ್ಕೆ ಎಕ್ಸ್‌ಪೋಷರ್ ಅನ್ನು ಒಂದು ಮೆಟ್ಟಿಲು ಇಳಿಸಬೇಕು, ಮೈನಸ್ ಒಂದಕ್ಕೆ. ಪರದೆ ಸ್ವಲ್ಪ ಕತ್ತಲಾದ ಹಾಗೆ ಕಾಣುತ್ತೆ, ಗುಲಾಬಿಗೆ ಮಾತ್ರ ಜೀವ ಬರುತ್ತೆ.

ಅಕ್ಕನ ಫೋನು ಬಹಳ ಸಾದಾ. 2014ರ ಆಂಡ್ರಾಯ್ಡ್ 5ರ ಜೊತೆ ಬಂದ 'ಕ್ಯಾಮೆರಾ2' ಅನ್ನೋ ವ್ಯವಸ್ಥೆ ಇದೆ, ಕ್ಯಾಮೆರಾದ ಒಳಗಿನ ಹಿಡಿತವನ್ನು ಹೊರಗಿನ ಆ್ಯಪುಗಳಿಗೆ ಬಿಟ್ಟುಕೊಡುವ ಬಾಗಿಲು. ಫೋನ್ ತಯಾರಿಸಿದವರು ಆ ಬಾಗಿಲನ್ನು ಪೂರ್ತಿ ತೆರೆದಿರಬಹುದು, ಅರ್ಧ ತೆರೆದಿರಬಹುದು, ಬರೀ ಹೆಸರಿಗೆ ಇಟ್ಟಿರಬಹುದು. ಅಕ್ಕನದು ಹೆಸರಿಗೆ ಇದ್ದದ್ದು. ಆದರೂ ಮೇಲೆ ಹೇಳಿದ ಎರಡೂ ಕೆಲಸ ಅದರಲ್ಲೇ ನಡೆದವು. ಮೊದಲಿನ ಫೋಟೊ, ಈಗಿನ ಫೋಟೊ, ಕೈಯಲ್ಲಿನ ಹಾರ, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದ ಅಕ್ಕ ಪಕ್ಕದ ಅಂಗಡಿಯವರನ್ನು ತಮಿಳಿನಲ್ಲಿ ಕೂಗಿ ಕರೆದರು. ಆಮೇಲೆ ಅವರ ಫೋನಿಗೂ ಹಾಕಿಕೊಡಬೇಕಾಯಿತು. 'ಸಾರ್' ಹೋಗಿ 'ತಮ್ಮಾ' ಬಂತು. ಅಮ್ಮನ ಕೈಗೆ ಒಂದು ಮೊಳ ಕನಕಾಂಬರವೂ ಬಂತು, ದುಡ್ಡು ತಗೊಳ್ಳಲಿಲ್ಲ.

ಅಮ್ಮ ಮಾತ್ರ ಒಂದು ಮಾತು ಸೇರಿಸಿದಳು: "ಹಾರದ ಪಕ್ಕ ಒಂದು ಬಿಳೀ ಟವೆಲ್ ಇಟ್ಟು ತೆಗಿಯಮ್ಮಾ, ಟವೆಲ್ ಬಿಳೀ ಕಂಡ್ರೆ ಹೂವೂ ಸರಿ ಇದೆ ಅಂತ ಅವ್ರಿಗೇ ಗೊತ್ತಾಗುತ್ತೆ." ದೊಡ್ಡ ದೊಡ್ಡ ಸ್ಟುಡಿಯೊದವರು ಬೂದು ಬಣ್ಣದ ಹಲಗೆ ಇಟ್ಟುಕೊಂಡು ಮಾಡೋದು ಇದನ್ನೇ. ಸೀರೆಗೆ ರವಿಕೆ ಬಟ್ಟೆ ಹೊಂದಿಸಲು ಅಂಗಡಿಯಿಂದ ಬೀದಿ ಬೆಳಕಿಗೆ ತಂದು ನೋಡುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅಕ್ಕನ ಫೋನಿನಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಅದು. ಯಾರೋ ಹುಡುಗರು ಮುಖ ಬೆಳ್ಳಗೆ ಮಾಡುವ ಎರಡು ಕ್ಯಾಮೆರಾ ಆ್ಯಪ್ ಹಾಕಿಕೊಟ್ಟಿದ್ದರು. ಪ್ರತಿ ಫೋಟೊಗೂ ಪರದೆ ತುಂಬ ಜಾಹೀರಾತು. ಕ್ಯಾಮೆರಾ ಆ್ಯಪಿಗೆ ಕ್ಯಾಮೆರಾ ಬೇಕು, ಚಿತ್ರ ಇಡಲು ಜಾಗ ಬೇಕು, ವಿಡಿಯೊಗೆ ಮೈಕು ಬೇಕು. ಇದಕ್ಕೆ ಕಾಂಟ್ಯಾಕ್ಟು, ಎಸ್‌ಎಂಎಸ್ಸು ಯಾಕೆ? ಎಸ್‌ಎಂಎಸ್‌ನಲ್ಲಿ ಬ್ಯಾಂಕಿನ ಒಟಿಪಿ ಬರುತ್ತೆ, ಅದೇ ಫೋನಿನಲ್ಲಿ ಅಕ್ಕನ ದಿನದ ಗಳಿಕೆಯ ಯುಪಿಐ ಇದೆ. 2019ರ ಆರಂಭದಲ್ಲಿ ಟ್ರೆಂಡ್ ಮೈಕ್ರೊ ಅನ್ನೋ ಭದ್ರತಾ ಸಂಸ್ಥೆ ಇಂಥ 29 ಸೌಂದರ್ಯ ಕ್ಯಾಮೆರಾ ಆ್ಯಪುಗಳನ್ನು ಪತ್ತೆ ಹಚ್ಚಿತ್ತು. ಕೆಲವು ಅಶ್ಲೀಲ ಜಾಹೀರಾತು ತೋರಿಸುತ್ತಿದ್ದವು, ಕೆಲವು ವಂಚನೆಯ ಪುಟಗಳಿಗೆ ಕರೆದೊಯ್ಯುತ್ತಿದ್ದವು. ಗೂಗಲ್ ಅವನ್ನೆಲ್ಲ ಪ್ಲೇ ಸ್ಟೋರಿನಿಂದ ತೆಗೆಯಿತು. ಅಂದರೆ ಪ್ಲೇ ಸ್ಟೋರಿನಲ್ಲೂ ಹೀಗಾಗಿತ್ತು. ಅಕ್ಕನ ಎದುರಿಗೇ ಎರಡನ್ನೂ ಕಿತ್ತುಹಾಕಿದೆ.

ಅಲ್ಲಿಂದ ಸೇಂಟ್ ಮೇರೀಸ್ ಬೆಸಿಲಿಕಾದ ಗೋಪುರ ನೋಡಿಕೊಂಡು, ಇಡ್ಲಿ ತಿಂದು, ಹಲಸೂರಿನ ಕಡೆ ಹೊರಟೆವು. ದಂಡು ಪ್ರದೇಶದಲ್ಲಿ ಫೋನ್ ಹಿಡಿದು ಓಡಾಡುವವರಿಗೆ ಒಂದು ಮಾತು. 1809ರ ಹೊತ್ತಿಗೆ ಬ್ರಿಟಿಷರ ಸೈನ್ಯ ನೆಲೆಯೂರಿದ ಜಾಗ ಇದು, ಇವತ್ತಿಗೂ ಉದ್ದಕ್ಕೂ ಸೇನೆಯ ಗೋಡೆಗಳು. ಫೋಟೊ ತೆಗೆಯಬಾರದು ಅಂತ ಫಲಕ ಇರುವ ಕಡೆ ಫೋನು ಜೇಬಿನಲ್ಲೇ ಇರಲಿ. ಗೋಡೆಯಾಚೆಯ ಮಳೆಮರ ಎಷ್ಟೇ ಚೆನ್ನಾಗಿದ್ದರೂ ಸರಿ.

ಈ ದಂಡಿಗೂ ಫೋಟೊಗೂ ಹಳೇ ನಂಟಿದೆ. ಮದ್ರಾಸ್ ಸೈನ್ಯದ ಅಧಿಕಾರಿ ಲಿನೇಯಸ್ ಟ್ರೈಪ್ 1854ರಲ್ಲಿ ಬೆಂಗಳೂರಿನಲ್ಲಿದ್ದವನು. ಆ ವರ್ಷದ ಕೊನೆಗೆ ಹಳೇಬೀಡು, ಬೇಲೂರಿಗೆ ಹೋಗಿ ದೇವಾಲಯಗಳ ಫೋಟೊ ತೆಗೆದ. ಆ ಶಿಲ್ಪಗಳ ತೀರ ಮೊದಲಿನ ಛಾಯಾಚಿತ್ರಗಳಲ್ಲಿ ಅವೂ ಸೇರಿವೆ. ಅವನಿಗಿದ್ದ ಪೀಕಲಾಟ ಏನು ಗೊತ್ತೇ? ಆಕಾಶ. ಆಗಿನ ಮೇಣದ ಕಾಗದದ ನೆಗೆಟಿವ್‌ಗಳಿಗೆ ನೀಲಿ ಬೆಳಕು ಬಲು ಬೇಗ ನಾಟುತ್ತಿತ್ತು. ಕಲ್ಲಿನ ಕೆತ್ತನೆ ಮೂಡುವಷ್ಟು ಹೊತ್ತು ಬೆಳಕು ಕೊಟ್ಟರೆ ಆಕಾಶ ಬರೀ ಬಿಳೀ ಹಾಳೆ. ಟ್ರೈಪ್ ಏನು ಮಾಡುತ್ತಿದ್ದ ಅಂದರೆ, ಆಮೇಲೆ ಕೂತು ನೆಗೆಟಿವ್ ಮೇಲೆ ಬಣ್ಣ ಹಚ್ಚಿ ಮೋಡಗಳನ್ನು ತಾನೇ ಬರೆಯುತ್ತಿದ್ದ! ಫೋನುಗಳು ಫೋಟೊವನ್ನು ತಿದ್ದುತ್ತವೆ, ಇದು ನಿಜವಾದ ಫೋಟೊಗ್ರಫಿ ಅಲ್ಲ ಅಂತ ಮೂಗು ಮುರಿಯುವವರಿಗೆ ನಾನು ಈ ಕಥೆ ಹೇಳುತ್ತಿರುತ್ತೇನೆ.

ಹಲಸೂರು ಸೋಮೇಶ್ವರ ದೇವಸ್ಥಾನದ ಮುಂದೆ ನಿಂತಾಗ ಅಮ್ಮನಿಗೆ ಎದುರಾದದ್ದೂ ಅದೇ ಆಕಾಶ. ಗೋಪುರದ ಮೇಲೆ ಬೆರಳಿಟ್ಟು ಫೋಕಸ್ ಮಾಡಿದರೆ ಹಿಂದಿನ ಬಾನು ಸುಣ್ಣ ಬಳಿದ ಗೋಡೆ. ಬಾನಿನ ಮೇಲೆ ಬೆರಳಿಟ್ಟರೆ ಗೋಪುರ ಇದ್ದಿಲು. ಕೈಲಾಸ ಎತ್ತುತ್ತಿರುವ ರಾವಣನಂತೂ ಕತ್ತಲಲ್ಲಿ ಮಾಯ. ಅಮ್ಮನ ಫೋನಿನಲ್ಲಿ ಆ 'ಕ್ಯಾಮೆರಾ2' ಬಾಗಿಲು ಅರ್ಧ ತೆರೆದಿತ್ತು. ಓಪನ್ ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ 'ಕ್ಯಾಮೆರಾ ಎಪಿಐ' ಅನ್ನೋ ಕಡೆ ಅದನ್ನು ಆರಿಸಿದ ಮೇಲೆ ಎಚ್‌ಡಿಆರ್ ಅನ್ನೋ ಗುಂಡಿ ಬಂತು. ಬೇರೆ ಬೇರೆ ಬೆಳಕಿನಲ್ಲಿ ಮೂರು ಫೋಟೊ ಸರಸರ ತೆಗೆದು, ಬಾನು ಚೆನ್ನಾಗಿರುವುದರಿಂದ ಬಾನು, ಕಲ್ಲು ಚೆನ್ನಾಗಿರುವುದರಿಂದ ಕಲ್ಲು ಎತ್ತಿಕೊಂಡು ಒಂದು ಮಾಡುತ್ತೆ. ಅಗ್ಗದ ಫೋನಿನ ಪ್ರೊಸೆಸರ್ ಇದಕ್ಕೆ ನಾಲ್ಕೈದು ಸೆಕೆಂಡು ಏದುಸಿರು ಬಿಡುತ್ತೆ. ಬಿಡಲಿ. ಗರ್ಭಗುಡಿಯ ಹತ್ತಿರ ಅಮ್ಮ ತಾನಾಗೇ ಫೋನ್ ಚೀಲಕ್ಕೆ ಹಾಕಿಕೊಂಡಳು.

ಪಲ್ಲಕ್ಕಿಯ ರಾತ್ರಿ ಬೇರೆಯದೇ ಪಾಠ. ಹೂವಿನಿಂದ ಮುಚ್ಚಿದ ಪಲ್ಲಕ್ಕಿಗಳು, ಮೈತುಂಬ ಸೀರಿಯಲ್ ಸೆಟ್ಟು, ಮುಂದೆ ತಮಟೆ. ಎಲ್ಲರ ಕೈಯೂ ಮೇಲೆ, ಎಲ್ಲರ ಫೋಟೊವೂ ಅಲುಗಿದ್ದು. ರಾತ್ರಿಯ ಚಿತ್ರಕ್ಕೆ ಈಗಿನ ಆ್ಯಪುಗಳೆಲ್ಲ ನಂಬಿರುವ ಉಪಾಯ ಒಂದೇ: ಒಂದರ ಬದಲು ಹಲವು ಚಿತ್ರ ತೆಗೆದು ಒಂದರ ಮೇಲೊಂದು ಕೂರಿಸಿ ಸರಾಸರಿ ಮಾಡೋದು. ನಿಜವಾದ ಹೂವು ಎಲ್ಲ ಚಿತ್ರದಲ್ಲೂ ಅಲ್ಲೇ ಇರುತ್ತೆ, ಆ ಮರಳಿನ ಚುಕ್ಕೆ ಮಾತ್ರ ಒಂದೊಂದರಲ್ಲಿ ಒಂದೊಂದು ಕಡೆ. ನಾಲ್ಕು ಸೇರಿಸಿದರೆ ಚುಕ್ಕೆ ಅರ್ಧಕ್ಕೆ ಇಳಿಯುತ್ತೆ, ಒಂಬತ್ತು ಸೇರಿಸಿದರೆ ಮೂರನೇ ಒಂದಕ್ಕೆ. ಎಂಜಿನಿಯರಿಂಗ್‌ನಲ್ಲಿ ವರ್ಗಮೂಲದ ಈ ಲೆಕ್ಕವನ್ನು ಪರೀಕ್ಷೆಗೆ ಮಾತ್ರ ಓದಿದ್ದೆ, ಹೂವಿನ ಪಲ್ಲಕ್ಕಿಯ ಮುಂದೆ ಅದು ಕಣ್ಣಿಗೆ ಕಂಡಿತು. ಓಪನ್ ಕ್ಯಾಮೆರಾದಲ್ಲಿ ಇದರ ಹೆಸರು ಎನ್‌ಆರ್. ಆದರೆ ಹೂವೂ ಅಲ್ಲೇ ಇರಬೇಕಲ್ಲ! ಹೊತ್ತವರು ನಡೆಯುತ್ತಿದ್ದರೆ ಸರಾಸರಿಯಲ್ಲಿ ದೇವರೇ ಕಲಸಿಹೋಗುತ್ತಾನೆ. ಅಮ್ಮ ಒಂದು ಅಂಗಡಿಯ ಕಂಬಕ್ಕೆ ಫೋನ್ ಒತ್ತಿ ಹಿಡಿದು, ಆರತಿಗೆ ಅಂತ ಪಲ್ಲಕ್ಕಿ ನಿಲ್ಲುವವರೆಗೆ ಕಾದಳು. ಒಂದೇ ಒಂದು ತೆಗೆದಳು. ಅದು ಬಂತು. ಅದನ್ನು ತುರುವೇಕೆರೆಯಲ್ಲಿರುವ ಚಿಕ್ಕಮ್ಮನಿಗೆ ಕಳಿಸುವಾಗ ವಾಟ್ಸ್‌ಆ್ಯಪಿನ 'ಎಚ್‌ಡಿ' ಗುರುತು ಒತ್ತಿಸಿದೆ. ಇಲ್ಲದಿದ್ದರೆ ಇಷ್ಟೆಲ್ಲ ಪಟ್ಟ ಪಾಡನ್ನು ಅದು ಕುಗ್ಗಿಸಿ ಪುಡಿ ಮಾಡುತ್ತೆ.

ಇಂದಿರಾನಗರದ ಬಗ್ಗೆ ಹೆಚ್ಚು ಹೇಳೋದಿಲ್ಲ. ನೂರಡಿ ರಸ್ತೆಯಲ್ಲಿ ಫೋಟೊ ತೆಗೆಯದವರನ್ನು ಹುಡುಕಬೇಕು. ಅಲ್ಲಿನ ಹೋಟೆಲ್ಲೊಂದರಲ್ಲಿ ಕೂತು ನನ್ನ ಸಹೋದ್ಯೋಗಿ ತೋರಿಸಿದ್ದು ಜಿಕ್ಯಾಮ್: ಪಿಕ್ಸೆಲ್ ಫೋನಿನ ಗೂಗಲ್ ಕ್ಯಾಮೆರಾವನ್ನು ಹವ್ಯಾಸಿಗಳು ಬೇರೆ ಫೋನುಗಳಿಗೆ ಒಗ್ಗಿಸಿರುವ ಆವೃತ್ತಿ. ಅವನ ಹದಿಮೂರು ಸಾವಿರದ ಫೋನಿನಲ್ಲಿ ಸಿಎಂಎಚ್ ರಸ್ತೆಯ ರಾತ್ರಿ ನೋಡಿ ನಾನೂ ಬಾಯಿ ಬಿಟ್ಟೆ. ಒಪ್ಪುತ್ತೇನೆ, ಚೆನ್ನಾಗಿ ಹೊಂದಿಕೊಂಡರೆ ಇದಕ್ಕೆ ಸಾಟಿಯಿಲ್ಲ. ಆದರೆ ಇದು ಪ್ಲೇ ಸ್ಟೋರಿನಲ್ಲಿ ಸಿಗಲ್ಲ, ಹೊರಗಿನಿಂದ ಇಳಿಸಿಕೊಳ್ಳಬೇಕು, ಒಂದೇ ಹೆಸರಿನ ನೂರು ಕಡತಗಳಲ್ಲಿ ಯಾವುದು ಅಸಲಿ ಅಂತ ತಿಳಿಯಬೇಕು. ನನ್ನ ಫೋನಿಗೆ ಹಾಕಿಕೊಂಡೇನು, ಯುಪಿಐ ಇರುವ ಅಕ್ಕನ ಫೋನಿಗೆ ಹಾಕಲಾರೆ. ಕಡಿಮೆ ರ‍್ಯಾಮಿನ 'ಗೋ' ಫೋನುಗಳಿಗೆ ಅಂತಲೇ 2020ರಲ್ಲಿ ನೋಕಿಯಾ 1.3ರ ಜೊತೆ ಗೂಗಲ್ ತಂದ ಕ್ಯಾಮೆರಾ ಗೋ ಇದೆ. ಅದೇ ವರ್ಷ ಅದಕ್ಕೆ ರಾತ್ರಿ ಚಿತ್ರದ ಸೌಲಭ್ಯವೂ ಸೇರಿತು. ಫೋನಿನಲ್ಲಿ ಇನ್ನೆಷ್ಟು ಫೋಟೊಗೆ ಜಾಗ ಉಳಿದಿದೆ ಅಂತ ಎಣಿಸಿ ಹೇಳುತ್ತೆ ಅದು. ರೀಲಿನಲ್ಲಿ ಮೂವತ್ತಾರು ಫೋಟೊ ಎಣಿಸಿಕೊಂಡು ತೆಗೆದವರಿಗೆ ಇದರ ಬೆಲೆ ಗೊತ್ತು. ನಿಮ್ಮ ಫೋನಿನಲ್ಲಿ ಅದು ಮೊದಲೇ ಇದ್ದರೆ ಬೇರೇನೂ ಹುಡುಕಬೇಡಿ.

ಇನ್ನೊಂದು ನಿಜವನ್ನೂ ಮುಚ್ಚಿಡಬಾರದು. ಕೆಲವು ಫೋನುಗಳಲ್ಲಿ ಕಂಪನಿಯ ಕ್ಯಾಮೆರಾವೇ ಚೆನ್ನಾಗಿರುತ್ತೆ, ಯಾಕೆಂದರೆ ಅವರ ಲೆಕ್ಕಾಚಾರದ ಒಳಗುಟ್ಟು ಹೊರಗಿನ ಆ್ಯಪಿಗೆ ಸಿಗೋದಿಲ್ಲ. ಒಂದೇ ಜಾಗದಲ್ಲಿ ನಿಂತು ಎರಡರಲ್ಲೂ ತೆಗೆದು, ದೊಡ್ಡದು ಮಾಡಿ, ಎಲೆ ಮತ್ತು ಕೂದಲು ಹೇಗೆ ಬಂದಿವೆ ಅಂತ ನೋಡಿ. ಐದು ನಿಮಿಷದ ಕೆಲಸ.

ಊರಿಗೆ ಹೊರಡುವ ಹಿಂದಿನ ಸಂಜೆ ಅಮ್ಮನಿಗೆ ಕೆ.ಆರ್. ಪುರದ ತೂಗುಸೇತುವೆಯ ಫೋಟೊ ಬೇಕಿತ್ತು. 2003ರಿಂದ ಅದು ರೈಲು ಹಳಿಗಳ ಮೇಲೆ ನಿಂತಿದೆ, ನಾವು ದಿನಾ ಅದರ ಮೇಲೆ ಟ್ರಾಫಿಕ್ಕನ್ನು ಬೈಯುತ್ತಾ ದಾಟುತ್ತೇವೆಯೇ ಹೊರತು ತಲೆ ಎತ್ತಿ ನೋಡಿದ್ದಿಲ್ಲ. ಸೂರ್ಯ ಮುಳುಗಿ ಹತ್ತು ಹದಿನೈದು ನಿಮಿಷ ಆಗಿತ್ತು. ಬಾನಿನ ಬೆಳಕೂ ಬೀದಿ ದೀಪದ ಬೆಳಕೂ ಸಮನಾಗಿ ತೂಗುವ ಹೊತ್ತು ಅದು, ಎಂಟು ಸಾವಿರದ ಫೋನಿಗೆ ಅದಕ್ಕಿಂತ ದಯೆ ತೋರುವ ಬೆಳಕು ಇನ್ನೊಂದಿಲ್ಲ. ಅಮ್ಮ ಮೋಟುಗೋಡೆಯ ಮೇಲೆ ಫೋನ್ ನಿಲ್ಲಿಸಿ, ಅಲುಗಬಾರದು ಅಂತ ಎರಡು ಸೆಕೆಂಡಿನ ಟೈಮರ್ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಕೇಬಲ್ಲುಗಳು ನೀಲಿ ಬಾನಿಗೆ ಗೆರೆ ಎಳೆದಂತೆ ಬಂದವು, ಕೆಳಗೆ ವಾಹನಗಳ ಕೆಂಪು ದೀಪದ ಸಾಲು. ಮತ್ತೊಂದು ತೆಗೆಯಲು ಹೋದಾಗ ಫೋನು ಜಾಗವಿಲ್ಲ ಅಂದಿತು. ಅಮ್ಮ ಅಲ್ಲೇ, ಬಸ್ಸುಗಳ ಹಾರನ್ನಿನ ನಡುವೆ ನಿಂತು, ಒಂದು ವರ್ಷದ ಶುಭೋದಯಗಳನ್ನೆಲ್ಲ ಆರಿಸಿ ಆರಿಸಿ ಅಳಿಸತೊಡಗಿದಳು.